ಒಂದು ವಾಕ್ಯದ ಜಗಳ

ಮೆಣಸಿ ಎಂಬುದು ಅವಳಿಗೆ ಅಕ್ಕ ಇಟ್ಟ ಹೆಸರು. ಚಿಕ್ಕವಳಿದ್ದಾಗ ಸಿಟ್ಟು ಬಂದರೆ ಮೂಗಿನ ತುದಿಯಿಂದ ಕಿವಿಯವರೆಗೂ ಕೆಂಪೇರುತ್ತಿತ್ತಂತೆ. ಈಗ ತಲೆ ಅರ್ಧ ನರೆತಿದೆ, ಸಂಶೋಧನಾಲಯದಲ್ಲಿ ಎಲ್ಲರೂ ಮೇಡಂ ಎನ್ನುತ್ತಾರೆ, ಆದರೂ ಮನೆಯವರ ಬಾಯಲ್ಲಿ ಅವಳು ಮೆಣಸಿಯೇ. ಆ ದಿನ ಬೆಳಿಗ್ಗೆ ಆಯ್ಕೆ ಸಮಿತಿಯ ಮುಂದೆ ಕೂತಿದ್ದಾಗಲೂ ಮೂಗು ಬಿಸಿಯಾಗುತ್ತಿರುವುದು ಅವಳಿಗೇ ಗೊತ್ತಾಗುತ್ತಿತ್ತು.

ಹಿರಿಯ ವಿಜ್ಞಾನಿಯ ಹುದ್ದೆಗೆ ಸಂದರ್ಶನ. ಉದ್ದನೆಯ ಮೇಜಿನ ಆಚೆ ಬದಿಗೆ ಐದಾರು ಜನ. ನಡುವೆ ಸಂಶೋಧನಾಲಯದ ನಿರ್ದೇಶಕರು, ಇಸ್ತ್ರಿ ಮುರಿಯದ ಬಿಳಿ ಅಂಗಿ, ಸದಾ ಅರ್ಧ ತೆರೆದ ನಗು. ಹೊರಗಿನಿಂದ ಬಂದಿದ್ದ ಪ್ರಾಧ್ಯಾಪಕರೊಬ್ಬರು ಮೆಣಸಿಯ ಸಂಶೋಧನೆಯ ದಾಖಲೆಯನ್ನು ಹಿಂದೆ ಮುಂದೆ ತಿರುವಿ ಹಾಕುತ್ತಿದ್ದರು. ಅಂಗಡಿಯಲ್ಲಿ ಬಟ್ಟೆಯ ಅಂಚು ನೋಡುವವರ ಹಾಗೆ.

"ಏನಮ್ಮ, ನಿಮ್ಮ ಕೆಲಸ ನಡುವೆ ಹರಿದುಹೋಗಿದೆಯಲ್ಲ," ಎಂದರು ಅವರು. "ಮೊದಲರ್ಧ ಪೂರ್ತಿ ಕ್ಯಾನ್ಸರು. ಆಮೇಲೆ ಇದ್ದಕ್ಕಿದ್ದ ಹಾಗೆ ಮಿದುಳಿನ ಉರಿಯೂತ. ನಿಮ್ಮನ್ನ ಯಾವ ಕಡೆಯವರು ಅಂತ ಲೆಕ್ಕ ಹಾಕೋದು?"

"ಎರಡೂ ಒಂದೇ ಕೆಲಸ ಸಾರ್. ಮೊದಲನೇದು ಮಾಡಿದ್ದರಿಂದಲೇ ಎರಡನೇದು ಮಾಡಬೇಕಾಯ್ತು."

ನಿರ್ದೇಶಕರು ನಕ್ಕರು. "ಮೇಡಂ ಬಹಳ ಬುದ್ಧಿವಂತೆ. ನನ್ನ ಕೈಕೆಳಗೇ ಬೆಳೆದವರು. ಮಧ್ಯದಲ್ಲಿ ಸ್ವಲ್ಪ ದಾರಿ ತಪ್ಪಿದರು, ಅಷ್ಟೆ."

ಆ 'ಅಷ್ಟೆ'ಗೆ ಉಳಿದವರೂ ನಕ್ಕರು. ಮೆಣಸಿ ಹಲ್ಲು ಕಚ್ಚಿ ಹಿಡಿದಳು. ದಾರಿ ತಪ್ಪಿದ್ದು ಅವಳಲ್ಲ. ದಾರಿಯಲ್ಲಿ ಬಿದ್ದಿದ್ದನ್ನು ದಾಟಿಕೊಂಡು ಹೋದವರು ಅವರು.

ಹರೆಯದಲ್ಲಿ ಅವಳು ಅದೇ ನಿರ್ದೇಶಕರ ಪ್ರಯೋಗಾಲಯಕ್ಕೆ ಬಂದಾಗ ಅಲ್ಲಿ ನಡೆಯುತ್ತಿದ್ದ ಕೆಲಸ ಯಾರ ಮೈಯನ್ನಾದರೂ ಜುಮ್ಮೆನ್ನಿಸುವಂಥದು. ರೋಗಿಯ ರಕ್ತದಿಂದಲೇ ಬಿಳಿ ಕಣಗಳನ್ನು ತೆಗೆದು, ಕ್ಯಾನ್ಸರಿನ ಮುಖ ಗುರುತಿಸುವುದನ್ನು ಅವಕ್ಕೆ ಕಲಿಸಿ, ಮತ್ತೆ ಅದೇ ಮೈಗೆ ಬಿಡುವುದು. ಮದ್ದು ಹೊರಗಿನದಲ್ಲ, ಮೈಯ ಕಾವಲೇ ಮದ್ದು. ಆ ಕಣಗಳಿಗೆ ಪಾಠ ಹೇಳುವ ಒಂದು ಮುಖ್ಯ ಹೆಜ್ಜೆಯನ್ನು ಹುಡುಕಿದವಳು ಮೆಣಸಿ. ಇಲಿಗಳ ಕ್ಯಾನ್ಸರ್ ಗೆಡ್ಡೆ ಕರಗತೊಡಗಿದಾಗ ಅವಳು ಪ್ರಯೋಗಾಲಯದ ಕಾರಿಡಾರಿನಲ್ಲಿ ಕುಣಿದಿದ್ದಳು.

ಆಮೇಲೆ ಅವಳ ಕಣ್ಣಿಗೆ ಇನ್ನೊಂದು ಬಿತ್ತು. ಗೆಡ್ಡೆ ಕರಗಿದ ಇಲಿಗಳಲ್ಲಿ ಕೆಲವು ಪಂಜರದ ಮೂಲೆಯಲ್ಲಿ ಒಂದೇ ಕಡೆಗೆ ಗಿರಗಿರನೆ ಸುತ್ತುತ್ತಿದ್ದವು. ನಿನ್ನೆ ಕಲಿತ ದಾರಿ ಇವತ್ತು ಮರೆಯುತ್ತಿದ್ದವು. ಮಿದುಳು ತೆಗೆದು ನೋಡಿದರೆ ಒಳಗೆಲ್ಲ ಉರಿಯೂತ. ಕ್ಯಾನ್ಸರಿನ ಮೇಲೆ ಬಿಟ್ಟ ಕಾವಲಿನ ಗದ್ದಲ ಮಿದುಳಿನ ಬಾಗಿಲು ಒಡೆದು ಒಳಗೆ ನುಗ್ಗಿತ್ತು. ಓಡಿಹೋಗಿ ಹೇಳಿದಳು. "ಇಲಿಗೆ ತಲೆ ಸುತ್ತಿದರೆ ಮನುಷ್ಯನಿಗೇನಮ್ಮ? ಮೊದಲು ಕ್ಯಾನ್ಸರ್ ಓಡಿಸೋಣ," ಎಂದಿದ್ದರು ನಿರ್ದೇಶಕರು. ಅವಳು ಬಿಡಲಿಲ್ಲ. ಅಲ್ಲಿಂದಾಚೆಗೆ ಅವಳ ಪಾಲಿಗೆ ಬಂದದ್ದು ನೆಲಮಾಳಿಗೆಯ ಒಂದು ಕೋಣೆ, ಹಳೆಯ ಸೂಕ್ಷ್ಮದರ್ಶಕ, ಕೆಟ್ಟು ಕೆಟ್ಟು ರಿಪೇರಿಯಾಗುವ ಫ್ರೀಜರ್. ಅಲ್ಲಿ ಕೂತು ಅವಳು ಆ ಉರಿಯೂತದ ಬೆನ್ನು ಹತ್ತಿದಳು. ಅದು ಯಾವ ಹೊತ್ತಿಗೆ ಹತ್ತುತ್ತದೆ, ಮೊದಲ ಲಕ್ಷಣ ಏನು, ಎಷ್ಟು ಬೇಗ ಸ್ಟೀರಾಯ್ಡ್ ಕೊಟ್ಟರೆ ಇಳಿಯುತ್ತದೆ, ತಡವಾದರೆ ಏನು ಉಳಿಯುತ್ತದೆ. ಬರೆದಳು, ಅಚ್ಚು ಹಾಕಿಸಿದಳು. ಅದೇ ಈಗ ಮೇಜಿನ ಮೇಲೆ ಹರಿದ ಬಟ್ಟೆಯಾಗಿ ಬಿದ್ದಿತ್ತು.

ಸಂದರ್ಶನ ಮುಗಿಸಿ ಹೊರಗೆ ಬಂದಳು. ಮೊಬೈಲು ತೆರೆದರೆ ಭಾವನ ಕರೆಗಳು ಸಾಲಾಗಿ ನಿಂತಿದ್ದವು.

"ಮೆಣಸಿ, ಸ್ವಲ್ಪ ವಾರ್ಡಿಗೆ ಬರ್ತೀಯಾ?" ಎಂದ ಭಾವ. "ಗಾಬರಿ ಏನಿಲ್ಲ. ನಿಮ್ಮಕ್ಕ ಏನೇನೋ ಮಾತಾಡ್ತಿದಾಳೆ. ತಮಾಷೆ ಮಾಡ್ತಿದಾಳೋ ಏನೋ ಅಂತ ನಾನೂ ನಗ್ತಾ ಇದ್ದೆ. ಈಗ ಯಾಕೋ ನಗು ಬರ್ತಿಲ್ಲ."

ಮೆಣಸಿ ಫೋನು ಇಟ್ಟು ಆಸ್ಪತ್ರೆಯ ಕಡೆಗೆ ಹೊರಟಳು.

ಅಕ್ಕ ಡ್ರೈವಿಂಗ್ ಸ್ಕೂಲು ನಡೆಸುವವಳು. ಊರಿನ ಅರ್ಧ ಜನಕ್ಕೆ ಸ್ಟೇರಿಂಗು ಹಿಡಿಯಲು ಕಲಿಸಿದವಳು, ಉಳಿದರ್ಧಕ್ಕೆ ರಸ್ತೆಯಲ್ಲಿ ಬೈದವಳು. ಅವಳ ಗಂಟಲು ಕೇಳಿದರೆ ಕಾರಿನ ಹಾರ್ನೂ ನಾಚಬೇಕು. ರಕ್ತದ ಕ್ಯಾನ್ಸರು ಬಂದು, ಔಷಧಕ್ಕೆ ಬಗ್ಗಿ, ಮತ್ತೆ ತಿರುಗಿ ಬಂದಿತ್ತು. ಉಳಿದಿದ್ದ ದಾರಿ ಒಂದೇ, ಸಂಶೋಧನಾಲಯದ ಆಸ್ಪತ್ರೆಯಲ್ಲಿ ಆಗ ತಾನೇ ಮನುಷ್ಯರ ಮೇಲೆ ಪ್ರಯೋಗಕ್ಕೆ ಬಂದಿದ್ದ ಆ ಕಣಗಳ ಚಿಕಿತ್ಸೆ. ತಂಗಿ ಕಲಿಸಿದ ಪಾಠ ಅಕ್ಕನ ಮೈಗೇ ಹೋಗಬೇಕಾಗಿ ಬಂದಿತ್ತು.

ಮೆಣಸಿ ಮುಚ್ಚಿಟ್ಟಿರಲಿಲ್ಲ. "ಕೆಲವರಿಗೆ ಮಿದುಳಿಗೆ ಉರಿ ಹತ್ತತ್ತೆ ಅಕ್ಕ. ಕೂಡಲೇ ಮದ್ದು ಕೊಟ್ರೆ ಇಳಿಯತ್ತೆ," ಎಂದಿದ್ದಳು.

"ನಮ್ಮ ಸ್ಕೂಲಿನ ಕಾರಿಗೆ ಎರಡು ಬ್ರೇಕಿದೆ ಕಣೇ," ಎಂದಿದ್ದಳು ಅಕ್ಕ. "ಒಂದು ಕಲಿಯೋರ ಕಾಲಲ್ಲಿ, ಇನ್ನೊಂದು ನನ್ನ ಕಾಲಲ್ಲಿ. ಇಲ್ಲಿ ಎರಡನೇದು ಯಾರ ಕಾಲಲ್ಲಿದೆ?"

"ವಾರ್ಡಿನ ಡಾಕ್ಟರ ಕಾಲಲ್ಲಿ."

"ಹಂಗಾದ್ರೆ ಸರಿ."

ಚಿಕಿತ್ಸೆಯಾಗಿ ಒಂದು ವಾರ ಕಳೆದಿರಲಿಲ್ಲ.

ಮೆಣಸಿ ಎರಡು ಕಟ್ಟಡಗಳ ನಡುವಿನ ಸೇತುವೆಯಲ್ಲಿ ಓಡಿದಳು. ವಾರ್ಡಿನಲ್ಲಿ ಅಕ್ಕ ಎರಡು ದಿಂಬಿಗೆ ಒರಗಿ ಕೂತಿದ್ದಳು. ಮುಖ ಜ್ವರಕ್ಕೆ ಹೊಳೆಯುತ್ತಿತ್ತು. ತಂಗಿಯನ್ನು ಕಂಡು ಸ್ಟೂಲಿನ ಮೇಲಿದ್ದ ನೀರಿನ ಲೋಟ ತೋರಿಸಿದಳು.

"ಆ ಕ್ಲಚ್ ಕೊಡೇ."

"ಯಾವುದು ಅಕ್ಕ?"

"ಕ್ಲಚ್ಚು! ಕ್ಲಚ್ಚು! ಕಣ್ಣು ಕಾಣಲ್ವಾ?" ಎಂದು ರೇಗಿದಳು. ಭಾವ ಪಕ್ಕದಲ್ಲಿ ಕೂತು ಅವಳ ಪಾದ ನೇವರಿಸುತ್ತಿದ್ದ. ಬೆಳಿಗ್ಗೆಯಿಂದ ಎಲ್ಲವೂ ಕ್ಲಚ್ಚೇ ಎಂದ. ಬಾಚಣಿಗೆ ಕ್ಲಚ್ಚು, ಕಿಟಕಿ ಕ್ಲಚ್ಚು, ಗಂಡನೂ ಕ್ಲಚ್ಚು.

ಮೆಣಸಿ ಕೈಚೀಲದಿಂದ ಪೆನ್ನು ತೆಗೆದು, ಸಂದರ್ಶನಕ್ಕೆಂದು ಒಯ್ದಿದ್ದ ಹಾಳೆಯ ಬೆನ್ನಿಗೆ ಹೆಸರು ಬರೆಯಲು ಹೇಳಿದಳು. ಅಕ್ಕನ ಬೆರಳು ಒಂದು ಗೆರೆ ಎಳೆಯಿತು, ಇನ್ನೊಂದು ಗೆರೆ ಅದರ ಮೇಲೆಯೇ ಎಳೆಯಿತು, ಆಮೇಲೆ ಪೆನ್ನು ಹೊದಿಕೆಯ ಮೇಲೆ ಜಾರಿತು. ಸಾವಿರಾರು ಜನರ ಅರ್ಜಿಗೆ ರುಜು ಹಾಕಿದ ಕೈ ಅದು.

ವಾರ್ಡಿನ ಡಾಕ್ಟರು ಆಗ ಬಂದರು. ಸಪೂರ ಮನುಷ್ಯ, ಕಣ್ಣ ಕೆಳಗೆ ನಿದ್ದೆಯಿಲ್ಲದ ಕಪ್ಪು.

"ಜ್ವರ ಇದೆ, ನಿದ್ದೆ ಇಲ್ಲ, ಅದಕ್ಕೆ ಸ್ವಲ್ಪ ಗೊಂದಲ. ನಾಳೆ ಬೆಳಿಗ್ಗೆವರೆಗೆ ನೋಡೋಣ ಮೇಡಂ," ಎಂದರು.

"ಇದು ನಿದ್ದೆ ಇಲ್ಲದ್ದಲ್ಲ. ಮಿದುಳಿಗೆ ಉರಿಯೂತ ಏರ್ತಿದೆ. ಈಗಲೇ ಸ್ಟೀರಾಯ್ಡ್ ಶುರು ಮಾಡಿ."

ಡಾಕ್ಟರು ಮೇಲೆ ಕೆಳಗೆ ನೋಡಿದರು. "ಸ್ಟೀರಾಯ್ಡ್ ಕೊಟ್ರೆ ನಾವು ಬಿಟ್ಟ ಕಣಗಳೂ ಸೊರಗಬಹುದು ಅಂತ..."

"ಒಂದೆರಡು ಸಲ ಕೊಟ್ಟರೆ ಸೊರಗಲ್ಲ ಅಂತ ನಾನೇ ಬರೆದಿದೀನಿ. ನೀವು ಓದಿದೀರಾ?"

"ಓದಿದೀನಿ ಮೇಡಂ." ಅವರ ದನಿ ಇಳಿಯಿತು. "ಆದ್ರೆ ಕೊಟ್ಟ ಕೂಡಲೇ ಪ್ರಯೋಗದ ದಾಖಲೆಯಲ್ಲಿ ಅದು ಗಂಭೀರ ತೊಂದರೆ ಅಂತ ಸೇರತ್ತೆ. ತಮ್ಮನ್ನ ಕೇಳದೆ ಯಾರೂ ಶುರು ಮಾಡಕೂಡದು ಅಂತ ನಿರ್ದೇಶಕರು ಹೇಳಿದಾರೆ."

ಮೆಣಸಿಗೆ ಮೈಯೆಲ್ಲ ಉರಿದುಹೋಯಿತು. "ಹಾಗಾದ್ರೆ ಕೇಳಿ! ಈಗ ಕೇಳಿ! ನನ್ನ ಮುಖ ಏನು ನೋಡ್ತೀರಿ?"

ಡಾಕ್ಟರು ಫೋನು ಮಾಡಿದರು. ನಿರ್ದೇಶಕರು ಎತ್ತಲಿಲ್ಲ. ಮತ್ತೆ ಮಾಡಿದರು. ಸಮಿತಿಯವರ ಜೊತೆ ಊಟಕ್ಕೆ ಕೂತಿದ್ದಾರೆ ಎಂದ ಸಹಾಯಕ. ಕಡೆಗೊಮ್ಮೆ ಸಿಕ್ಕಿದರು. ಡಾಕ್ಟರು ಗೋಡೆಗೆ ತಿರುಗಿ, "ಹೌದು ಸಾರ್... ಇಲ್ಲ ಸಾರ್... ಮೇಡಂ ಇಲ್ಲೇ ಇದಾರೆ ಸಾರ್," ಎನ್ನುತ್ತಿದ್ದರೆ ಮೆಣಸಿ ಫೋನನ್ನು ಅವರ ಕೈಯಿಂದ ಕಿತ್ತುಕೊಂಡಳು.

"ನನ್ನ ಅಕ್ಕನಿಗೆ ಮಾತು ಹೋಗ್ತಿದೆ."

"ಅಮ್ಮಾ, ಸಮಾಧಾನ," ಎಂದಿತು ಆ ನಗುವ ದನಿ. ಹಿಂದೆ ಚಮಚ ತಟ್ಟೆಗಳ ಸದ್ದು. "ಮನೆಯವರಾದಾಗ ಎಲ್ಲರಿಗೂ ಹೀಗೇ. ನೀವು ವಿಜ್ಞಾನಿಯಾಗಿ ಯೋಚನೆ ಮಾಡಿ. ಸಂಜೆ ನಾನೇ ಬಂದು ನೋಡ್ತೀನಿ."

"ಸಂಜೆವರೆಗೆ ಕಾದ್ರೆ ಏನಾಗತ್ತೆ ಅಂತ ನಿಮ್ಮ ನೆಲಮಾಳಿಗೆಯಲ್ಲಿ ಕೂತು ನಾನು ವರ್ಷಗಟ್ಟಲೆ ನೋಡಿದೀನಿ! ನೀವು ಒಂದು ದಿನ ಕೆಳಗೆ ಇಳಿದು ಬಂದು ನೋಡಿಲ್ಲ!"

ವಾರ್ಡಿನವರೆಲ್ಲ ತಿರುಗಿ ನೋಡಿದರು. ಫೋನು ಆಚೆಯಿಂದ ಕಟ್ಟಾಗಿತ್ತು. ಡಾಕ್ಟರು ಫೋನನ್ನು ವಾಪಸು ತೆಗೆದುಕೊಂಡರು. ಔಷಧ ಅವರ ಹಿಂದಿನ ಕಪಾಟಿನಲ್ಲೇ ಇತ್ತು. ಬರೆದುಕೊಡಬೇಕಾದ ಪೆನ್ನು ಅವರ ಜೇಬಿನಲ್ಲೇ ಇತ್ತು. ಮೆಣಸಿ ಬೇಡಿಕೊಂಡಳು, ಬೈದಳು, ಬಾಗಿಲಿಗೆ ಅಡ್ಡ ನಿಂತಳು. ಅವಳು ವಿಜ್ಞಾನಿ, ವೈದ್ಯೆಯಲ್ಲ. ಒಂದು ಮಾತ್ರೆ ಬರೆದುಕೊಡುವ ಹಕ್ಕೂ ಅವಳಿಗಿರಲಿಲ್ಲ. "ಸಂಜೆಯಾಗಲಿ ಮೇಡಂ," ಎಂದು ಡಾಕ್ಟರು ಹೇಳಿದ್ದನ್ನೇ ಹೇಳಿದರು.

ಬಿಸಿಲು ಇಳಿಯುವ ಹೊತ್ತಿಗೆ ಅಕ್ಕನ ಬಾಯಿಯ ಕ್ಲಚ್ಚೂ ನಿಂತಿತು. ಕಣ್ಣು ತೆರೆದೇ ಇತ್ತು, ಆದರೆ ಒಳಗೆ ಯಾರೂ ಇದ್ದಂತಿರಲಿಲ್ಲ. ಆಮೇಲೆ ಕುತ್ತಿಗೆ ಒಂದು ಕಡೆಗೆ ತಿರುಚಿ, ಮೈ ಸೆಟೆದು, ಮಂಚದ ಕಂಬಿಗಳು ಗಡಗಡ ಅಲುಗಿದವು. ಭಾವ "ಅಯ್ಯೋ ಅಯ್ಯೋ" ಎಂದು ಅವಳ ಕೈ ಹಿಡಿಯಲು ಹೋಗಿ ಗೋಡೆಗೆ ಒರಗಿಬಿಟ್ಟ. ಫಿಟ್ಸ್ ಬಂದಿದೆ ಎಂದು ಸಿಸ್ಟರು ಕೂಗಿದಾಗ ಡಾಕ್ಟರ ಪೆನ್ನು ಜೇಬಿನಿಂದ ಹೊರಗೆ ಬಂತು. ಆಗ ಯಾರನ್ನೂ ಕೇಳಬೇಕಾಗಿರಲಿಲ್ಲ.

ಅಕ್ಕ ತೀವ್ರ ನಿಗಾ ಘಟಕದಲ್ಲಿ ಬಹಳ ದಿನ ಮಲಗಿದ್ದಳು. ಎದ್ದಳು. ಎದ್ದ ಮೇಲೆ ರಕ್ತ ಪರೀಕ್ಷೆ ಮಾಡಿದರೆ ಕ್ಯಾನ್ಸರಿನ ಸುಳಿವೇ ಇರಲಿಲ್ಲ. ಭಾವ ಆ ಸುದ್ದಿ ಕೇಳಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತ. ಮೆಣಸಿಯೂ ಅತ್ತಳು. ತಾನು ಕಲಿಸಿದ ಪಾಠ ಅಕ್ಕನನ್ನು ಉಳಿಸಿತ್ತು, ಅದನ್ನು ಯಾರೂ ಅಲ್ಲಗಳೆಯುವ ಹಾಗಿರಲಿಲ್ಲ. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿಯಾಯಿತು. ಅಷ್ಟು ಚೆನ್ನಾದ ಕೆಲಸದಲ್ಲಿ ಒಂದು ಮಧ್ಯಾಹ್ನದ ಸೊಕ್ಕು ಬೆರೆತು ಹೋಗಿತ್ತಲ್ಲ ಎಂದು.

ಮಾತು ಪೂರ್ತಿ ಮರಳಲಿಲ್ಲ. ದೊಡ್ಡ ಮಾತುಗಳೆಲ್ಲ ಇದ್ದವು, ಚಿಕ್ಕವು ಕೈಕೊಡುತ್ತಿದ್ದವು. ಎಡ, ಬಲ. ನಿನ್ನೆ, ನಾಳೆ. ಉಪ್ಪು ಎನ್ನಲು ಹೋಗಿ ಚಪ್ಪಲಿ ಎನ್ನುವುದು. ಅಕ್ಕ ಹಟ ಹಿಡಿದು ಸ್ಕೂಲಿಗೆ ಹೋದಳು. ಮೊದಲ ದಿನವೇ ಕಾರು ಕಲಿಯಲು ಬಂದಿದ್ದ ಬ್ಯಾಂಕಿನ ಹೆಂಗಸೊಬ್ಬಳಿಗೆ ಮೈದಾನದಲ್ಲಿ "ಎಡಕ್ಕೆ, ಎಡಕ್ಕೆ" ಎಂದು ಅರಚಿದಳು. ಆಕೆ ಎಡಕ್ಕೆ ತಿರುಗಿಸಿ ಸಾಲಾಗಿಟ್ಟ ಡಬ್ಬಗಳ ಮೇಲೆ ಹತ್ತಿಸಿದಳು. "ಎಡಕ್ಕೆ ಅಂದ್ರೆ ಆ ಕಡೆ ಯಾಕ್ ಹೋಗ್ತೀಯ!" ಎಂದಳು ಅಕ್ಕ. "ಇದೇ ಎಡ ಅಲ್ವಾ ಮೇಡಂ?" ಎಂದು ಆಕೆ ಹೆದರಿ ಹೆದರಿ ಕೇಳಿದಳು. ಅಕ್ಕ ತನ್ನ ಎರಡು ಕೈಗಳನ್ನೂ ನೋಡಿಕೊಂಡಳು. ಕಾರಿನಿಂದ ಇಳಿದು ಟೈರಿಗೆ ಒದ್ದಳು. ಮತ್ತೆ ಒದ್ದಳು. ಮೈದಾನದ ಆಚೆ ನಿಂತಿದ್ದ ಮೆಣಸಿ ಹತ್ತಿರ ಬಂದು ಭುಜ ಹಿಡಿಯಲು ಹೋದರೆ ತಳ್ಳಿಬಿಟ್ಟಳು.

"ಬ್ರೇಕು ಡಾಕ್ಟರ ಕಾಲಲ್ಲಿದೆ ಅಂದೆ," ಎಂದಳು. ಒಂದೊಂದೇ ಶಬ್ದವನ್ನು ಎಳೆದು ತಂದು ಹೇಳಿದಳು. "ಅವನ ಕಾಲಲ್ಲಿ... ಇರ್ಲಿಲ್ಲ. ಊಟಕ್ಕೆ ಹೋಗಿದ್ದೋನ... ಕಾಲಲ್ಲಿ ಇತ್ತು."

"ನಂಗೆ ಗೊತ್ತಿರ್ಲಿಲ್ಲ ಅಕ್ಕ."

"ನೀನು ಅಲ್ಲೇ ಕೆಲ್ಸ ಮಾಡೋಳು. ನಿಂಗೇ ಗೊತ್ತಿಲ್ಲ ಅಂದ್ರೆ ನಂಗೆ... ನಂಗೆ..." ಮಾತು ಸಿಗದೆ ತುಟಿ ಅದುರಿತು. ಮೆಣಸಿ ಅದನ್ನು ತುಂಬಿಕೊಡಲಿಲ್ಲ. ಅಕ್ಕ ಕಾರಿನ ಬಾಗಿಲು ದಡಾರನೆ ಹಾಕಿಕೊಂಡು ಒಳಗೆ ಕೂತಳು.

ಇದಾದ ಕೆಲವು ತಿಂಗಳಿಗೆ ನಿರ್ದೇಶಕರಿಂದ ಕರೆ ಬಂತು. ಹುದ್ದೆಯ ಫಲಿತಾಂಶ ಇನ್ನೂ ಹೊರಬಿದ್ದಿರಲಿಲ್ಲ. ಮೆಣಸಿ ಮೇಲಂತಸ್ತಿಗೆ ಹೋದಳು. ಅವರ ಕೋಣೆಯಲ್ಲಿ ಪ್ರಶಸ್ತಿಗಳಿಗೇ ಒಂದು ಗೋಡೆ.

"ಪ್ರಯೋಗದ ಫಲಿತಾಂಶ ಬರೆದು ಮುಗಿಸಿದೀವಿ," ಎಂದು ಒಂದು ಕಟ್ಟು ಮುಂದೆ ಚಾಚಿದರು. "ದೊಡ್ಡ ಪತ್ರಿಕೆಯವರು ಕಾಯ್ತಿದಾರೆ. ನಿಮ್ಮ ಹೆಸರು ನನ್ನ ಹೆಸರಿನ ಪಕ್ಕದಲ್ಲೇ ಹಾಕ್ಸಿದೀನಿ. ನಿಮ್ಮ ಕ್ಯಾನ್ಸರ್ ಕೆಲಸ, ಮಿದುಳಿನ ಕೆಲಸ ಎರಡೂ ಇದರಲ್ಲಿ ಸೇರತ್ತೆ. ದಾಖಲೆ ಹರಿದಿದೆ ಅಂತ ಇನ್ನು ಯಾರೂ ಅನ್ನೋ ಹಾಗಿಲ್ಲ. ಸಮಿತಿಗೂ ನಾನು ಒಂದು ಮಾತು ಹೇಳ್ತೀನಿ."

ಮೆಣಸಿ ಪುಟ ತಿರುವಿದಳು. ನಿಜಕ್ಕೂ ಚೆನ್ನಾಗಿತ್ತು. ಎಲ್ಲರೂ ಆಸೆ ಬಿಟ್ಟಿದ್ದ ರೋಗಿಗಳಲ್ಲಿ ಬಹಳಷ್ಟು ಜನ ಬದುಕಿದ್ದರು. ಆಮೇಲೆ ಆ ವಾಕ್ಯ ಬಂತು. ಮಿದುಳಿನ ತೊಂದರೆ ಕಾಣಿಸಿಕೊಂಡವರೆಲ್ಲರೂ ಸಕಾಲದಲ್ಲಿ ಚಿಕಿತ್ಸೆ ಪಡೆದು ಪೂರ್ಣ ಗುಣಮುಖರಾದರು.

ಅವಳು ಅದನ್ನು ಮತ್ತೆ ಓದಿದಳು. ಸಕಾಲದಲ್ಲಿ. ಪೂರ್ಣ. ಒಂದು ವಾಕ್ಯದಲ್ಲಿ ಎರಡು ಸುಳ್ಳು. ಉಳಿದ ಪುಟಗಳಲ್ಲಿ ಒಂದೂ ಇರಲಿಲ್ಲ.

"ಇದು ನಿಜ ಅಲ್ಲ," ಎಂದಳು.

"ಮೂರು ತಿಂಗಳ ತಪಾಸಣೆಯಲ್ಲಿ ನಿಮ್ಮಕ್ಕ ಹೆಸರು, ಊರು, ವಾರ ಎಲ್ಲ ಸರಿಯಾಗಿ ಹೇಳಿದಾರೆ. ನಮ್ಮ ಅಳತೆಗೋಲಿನ ಪ್ರಕಾರ ಪೂರ್ಣ ಗುಣ."

"ಎಡ ಬಲ ಗೊತ್ತಾಗಲ್ಲ ಅವಳಿಗೆ. ಅವಳ ಹೊಟ್ಟೆಪಾಡೇ ಎಡ ಬಲ!"

"ಅದು ನಮ್ಮ ಪ್ರಶ್ನೆಗಳಲ್ಲಿ ಇಲ್ಲಮ್ಮ." ಅವರ ನಗು ಮೊದಲ ಬಾರಿ ಸ್ವಲ್ಪ ಮುಚ್ಚಿತು. "ನೋಡಿ. ನಿಮ್ಮಕ್ಕ ಜೀವಂತ ಇದಾರೆ. ಒಂದೆರಡು ಶಬ್ದಕ್ಕೆ ಇಷ್ಟು ದೊಡ್ಡ ಕೆಲಸಕ್ಕೆ ಮಸಿ ಬಳೀತೀರಾ? ಇದನ್ನೋದಿ ಹೆದರಿಕೊಂಡು ರೋಗಿಗಳು ಚಿಕಿತ್ಸೆಗೆ ಬರದೇ ಹೋದ್ರೆ ಆ ಪಾಪ ಯಾರಿಗೆ?"

ಆ ಮಾತು ಅವಳಿಗೆ ನಾಟಿತು, ಏಕೆಂದರೆ ಅದರಲ್ಲಿ ಅಷ್ಟಿಷ್ಟು ನಿಜವೂ ಇತ್ತು. ನಿಜವನ್ನು ಹೀಗೆ ಸುಳ್ಳಿಗೆ ಮೆತ್ತೆ ಹಾಸಲು ಬಳಸುವುದನ್ನು ಕಂಡು ಅವಳಿಗೆ ಹೇಸಿಗೆಯಾಯಿತು.

"ಹೆದರೋದು ಚಿಕಿತ್ಸೆಗಲ್ಲ ಸಾರ್. ಕಪಾಟಲ್ಲಿ ಮದ್ದು ಇಟ್ಕೊಂಡು ಫೋನಿಗೆ ಕಾಯೋ ವಾರ್ಡಿಗೆ. ನನ್ನ ಹೆಸರು ತೆಗೀರಿ. ನಾನು ಮೇಲ್ವಿಚಾರಣಾ ಮಂಡಳಿಗೆ ಬರೀತೀನಿ."

"ಯೋಚನೆ ಮಾಡಿ ಬರೀರಿ," ಎಂದರು ಅವರು, ಕಟ್ಟನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತ.

ಅವಳು ಯೋಚನೆ ಮಾಡದೆ ಬರೆದಳು. ಆಮೇಲೆ ಯೋಚನೆ ಮಾಡಿದಳು. ಇಡೀ ಆಯುಷ್ಯದ ಕೆಲಸ ಒಂದೇ ಕಾಗದದಲ್ಲಿ ಒಂದಾಗಿ ಅಚ್ಚಾಗುವುದಿತ್ತು. ಅದನ್ನು ಕೈಯಾರೆ ತಳ್ಳಿದ್ದಳು. ಸಹೋದ್ಯೋಗಿಗಳು ಲಿಫ್ಟಿನಲ್ಲಿ ಅವಳನ್ನು ಕಂಡರೆ ಮೊಬೈಲು ನೋಡತೊಡಗಿದರು.

ಪ್ರಯೋಗ ಚಿಕಿತ್ಸೆಯಲ್ಲಿ ರೋಗಿಗಳ ಕಡೆಯಿಂದ ನೋಡಬೇಕಾದ ಮಂಡಳಿ ಅದು. ಅದರ ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ. ರೋಗಿಯನ್ನೇ ಕೇಳೋಣ ಎಂದರು ಆಕೆ. ಮೆಣಸಿಗೆ ಅಕ್ಕನನ್ನು ಕರೆತರಲು ಮನಸ್ಸಿರಲಿಲ್ಲ. ಮೈದಾನದ ಜಗಳದ ಮೇಲೆ ಇಬ್ಬರೂ ಸರಿಯಾಗಿ ಮಾತಾಡಿರಲಿಲ್ಲ. ಭಾವನಿಗೆ ಫೋನು ಮಾಡಿ ಹೇಳಿದಳು. ಅಕ್ಕನೇ ಕಿತ್ತುಕೊಂಡಳು.

"ಏನಂತ ಬರ್ದಿದಾನೆ?"

ಮೆಣಸಿ ವಾಕ್ಯ ಓದಿದಳು.

"ಪೂರ್ಣ?" ಎಂದಳು ಅಕ್ಕ. "ಪೂರ್ಣ ಅಂತೆ? ಗಾಡಿ ತೆಗೀರಿ," ಎಂದು ಗಂಡನಿಗೆ ಕೂಗಿದ್ದು ಫೋನಿನಲ್ಲಿ ಕೇಳಿಸಿತು. ಸಭೆ ಇನ್ನೂ ವಾರದಾಚೆಗಿತ್ತು.

ಸಭೆಯ ದಿನ ಅಕ್ಕ ಸ್ಕೂಲಿನ ನೀಲಿ ಸಮವಸ್ತ್ರದಲ್ಲೇ ಬಂದಳು. ನಿರ್ದೇಶಕರು ಎದ್ದು ನಿಂತು ನಮಸ್ಕಾರ ಮಾಡಿ ಕುರ್ಚಿ ಎಳೆದುಕೊಟ್ಟರು. ಅಕ್ಕ ಬೇರೆ ಕುರ್ಚಿಯಲ್ಲಿ ಕೂತಳು.

"ನಿಮಗೆ ಈಗ ಏನು ತೊಂದರೆ ಇದೆ ಅಂತ ಹೇಳ್ತೀರಾ?" ಎಂದು ಅಧ್ಯಕ್ಷೆ ಕೇಳಿದರು.

ಅಕ್ಕ ಬಾಯಿ ತೆರೆದಳು. ಸಿಟ್ಟು ಬಂದಾಗ ಮಾತು ಇನ್ನಷ್ಟು ಕೈಕೊಡುತ್ತಿತ್ತು. "ನಾನು... ಕಾರಲ್ಲಿ... ಆ ಕಡೆ ಅನ್ನಬೇಕು, ನಾನು... ಆ..." ನಿಂತಳು. ಕತ್ತಿನ ನರ ಉಬ್ಬಿತು.

"ಸುಸ್ತಾಗತ್ತಾ?" ಎಂದರು ನಿರ್ದೇಶಕರು ಮೃದುವಾಗಿ.

ಅಕ್ಕ ತಲೆಯಾಡಿಸಿದಳು, ಇಲ್ಲ ಎಂದು. "ನಾನು... ಹೇಳಕ್ಕೆ ಹೋದ್ರೆ..."

"ಮರೆವು? ಸ್ವಲ್ಪ ಬೇಜಾರು? ಇಂಥ ಕಾಯಿಲೆ ಆದಮೇಲೆ ಅದು ಸಹಜ..."

ಅಕ್ಕ ಅಂಗೈಯಿಂದ ಮೇಜಿಗೆ ಹೊಡೆದಳು. ನೀರಿನ ಲೋಟಗಳು ಕುಣಿದವು. ಮೆಣಸಿ ಎದ್ದು ಅಕ್ಕನ ಪರವಾಗಿ ಹೇಳಲು ಬಾಯಿ ತೆರೆದಳು. ಅಕ್ಕ ತಿರುಗದೆಯೇ ಕೈ ಚಾಚಿ ಅವಳನ್ನೂ ತಡೆದಳು. ಇಡೀ ಕೋಣೆ ಕಾಯಿತು. ಅಧ್ಯಕ್ಷೆ ಕೆನ್ನೆಗೆ ಕೈಯಿಟ್ಟು, ಎಷ್ಟು ಹೊತ್ತಾದರೂ ಸರಿ ಎಂಬಂತೆ ಕೂತಿದ್ದರು.

"ಎಡ," ಎಂದಳು ಅಕ್ಕ ಕೊನೆಗೆ. ಎತ್ತಿದ್ದು ಬಲಗೈ. "ಇದು ಎಡ ಅಂತ ನನ್ನ ಬಾಯಿ ಹೇಳತ್ತೆ. ಇದು ಎಡ ಅಲ್ಲ ಅಂತ ನಂಗೊತ್ತು. ನನ್ನ ಮಾತು ನಾನೇ ಹುಡುಕ್ಕೋತೀನಿ. ಇವ್ರು... ಇವ್ರು ನನ್ನ ಬಾಯಿಗೆ ಮಾತು ಹಾಕಬಾರ್ದು. ಕಾಗದದಲ್ಲೂ ಹಾಕಬಾರ್ದು."

ಅಷ್ಟು ಹೇಳಲು ಅವಳು ಬೆವರಿನಲ್ಲಿ ತೊಯ್ದು ಹೋಗಿದ್ದಳು. ಹೊರಗೆ ಬಂದ ಮೇಲೆ ಭಾವ ನೀರು ಕೊಟ್ಟ. ಅಕ್ಕ ಕುಡಿದು, ಲೋಟವನ್ನು ತಂಗಿಯ ಕೈಗೆ ಕೊಟ್ಟು, "ಹಿಡ್ಕೋ," ಎಂದಳು. ಎಷ್ಟೋ ತಿಂಗಳ ಮೇಲೆ ಮುಖ ನೋಡಿ ಆಡಿದ ಮಾತು ಅದು.

ಮಂಡಳಿ ಉಳಿದ ರೋಗಿಗಳನ್ನೂ ಕರೆಸಿ ಕೇಳಿತು. ಇನ್ನೂ ಕೆಲವರು ಸಿಕ್ಕಿದರು. ಒಬ್ಬ ಬಡಗಿಗೆ ಅಳತೆ ನೆನಪಿರುತ್ತಿರಲಿಲ್ಲ. ಒಬ್ಬ ಅಜ್ಜಿಗೆ ಮೊಮ್ಮಕ್ಕಳ ಹೆಸರು ಅದಲು ಬದಲು. ವಯಸ್ಸಾಯಿತು ಎಂದು ಮನೆಯವರು ಸುಮ್ಮನಿದ್ದರು. ಸ್ಟೀರಾಯ್ಡ್ ಕೊಡುವ ತೀರ್ಮಾನ ವಾರ್ಡಿನಲ್ಲಿರುವ ವೈದ್ಯರದೇ, ಯಾರ ಫೋನಿಗೂ ಕಾಯುವಂತಿಲ್ಲ ಎಂದು ಆದೇಶವಾಯಿತು. ಅಚ್ಚಾದ ಕಾಗದದಲ್ಲಿ ಆ ವಾಕ್ಯ ಬದಲಾಗಿತ್ತು: 'ಬಹುತೇಕರು ಗುಣಮುಖರಾದರು, ಕೆಲವರಲ್ಲಿ ಮಾತಿನ ಮತ್ತು ನೆನಪಿನ ತೊಂದರೆ ಉಳಿದಿದೆ.' ತಡವಾದದ್ದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಮೆಣಸಿಯ ಹೆಸರೂ ಇರಲಿಲ್ಲ. ಕಣಗಳಿಗೆ ಪಾಠ ಹೇಳುವ ಹೆಜ್ಜೆ ಯಾರದು ಎಂದು ಓದಿದವರಿಗೆ ಗೊತ್ತಾಗುವಂತಿರಲಿಲ್ಲ.

ಹುದ್ದೆ ಬೇರೆಯವರಿಗೆ ಹೋಯಿತು. ನಿರ್ದೇಶಕರಿಗೆ ಶಿಕ್ಷೆ ಏನೂ ಆಗಲಿಲ್ಲ. ಆ ವರ್ಷವೇ ಒಂದು ದೊಡ್ಡ ಪ್ರಶಸ್ತಿ ಬಂತು. ಸನ್ಮಾನದ ದಿನ ಸಂಶೋಧನಾಲಯದ ಗೇಟಿನಿಂದ ಸಭಾಂಗಣದವರೆಗೆ ಹೂಕುಂಡ ಇಟ್ಟಿದ್ದರು. ಮೆಣಸಿ ಹಿಂಬಾಗಿಲಿನಿಂದ ನೆಲಮಾಳಿಗೆಗೆ ಇಳಿದು ಫ್ರೀಜರಿನ ಮಂಜು ಕೆರೆಯುತ್ತ ಕೂತಳು. ಮೇಲೆ ಚಪ್ಪಾಳೆ ಬಿದ್ದಾಗೆಲ್ಲ ಕೆರೆಯುವ ಕೈ ಜೋರಾಗುತ್ತಿತ್ತು. ತಾನು ಮಾಡಿದ್ದು ಸರಿ ಎಂಬ ನೆಮ್ಮದಿ ಬರುತ್ತದೆ ಎಂದು ಯಾರೋ ಹೇಳಿದ್ದರು. ಬರಲಿಲ್ಲ. ಬಂದದ್ದು ಸಿಟ್ಟೇ, ಆದರೆ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಲು ಅಷ್ಟು ಸಾಕಾಗುತ್ತಿತ್ತು.

ಕೆಲವು ವಾರಗಳ ಮೇಲೆ ನೆಲಮಾಳಿಗೆಯ ಬಾಗಿಲಲ್ಲಿ ಆ ಸಪೂರ ಡಾಕ್ಟರು ಕಾಣಿಸಿಕೊಂಡರು.

"ವಾರ್ಡಿನಲ್ಲಿ ನಾವು ಏಳೆಂಟು ಜನ ಇದೀವಿ ಮೇಡಂ. ಮೊದಲ ಲಕ್ಷಣ ಹೇಗೆ ಗುರುತಿಸೋದು ಅಂತ ನೀವೇ ಹೇಳಿಕೊಡಬೇಕು," ಎಂದರು. ಆಮೇಲೆ, "ಆ ದಿನದ್ದಕ್ಕೆ ನನ್ನನ್ನ ಕ್ಷಮಿಸಿ," ಎಂದರು.

ಮೆಣಸಿ ಕೈಗವಸು ಕಳಚಿದಳು. "ನಿಮ್ಮ ಜೇಬಲ್ಲಿ ಪೆನ್ನಿತ್ತು."

"ಇತ್ತು ಮೇಡಂ."

"ನಾನು ಕ್ಷಮಿಸೋಳಲ್ಲ. ಹೋಗಿ ನಮ್ಮಕ್ಕನನ್ನ ಕೇಳಿ. ಡ್ರೈವಿಂಗ್ ಸ್ಕೂಲಲ್ಲಿ ಇರ್ತಾಳೆ. ಆಮೇಲೆ ಪಾಠಕ್ಕೆ ಬನ್ನಿ."

ಅವರು ನಿಜವಾಗಿಯೂ ಹೋದರು. ಅಲ್ಲಿ ಏನಾಯಿತೆಂದು ಭಾವ ಆಮೇಲೆ ಫೋನಿನಲ್ಲಿ ಹೇಳಿದ. ಡಾಕ್ಟರು ತಲೆ ತಗ್ಗಿಸಿ ನಿಂತಿದ್ದರಂತೆ. ಅಕ್ಕ ಬೈಯಲು ಶುರು ಮಾಡಿದಳಂತೆ. ಅಚ್ಚರಿ ಎಂದರೆ, ಬೈಗುಳ ಒಂದೂ ತಡವರಿಸಲಿಲ್ಲವಂತೆ. ಒಂದರ ಹಿಂದೆ ಒಂದು, ಮೊದಲಿನ ಗಂಟಲಿನಲ್ಲೇ, ಅಪ್ಪನ ಕಾಲದ ಹಳೆಯ ಬೈಗುಳಗಳೂ ಸೇರಿ, ಮೈದಾನದಲ್ಲಿ ಕಲಿಯುತ್ತಿದ್ದವರೆಲ್ಲ ಕಾರು ನಿಲ್ಲಿಸಿ ಕೇಳಿದರಂತೆ. ಕೇಳುತ್ತ ಕೇಳುತ್ತ ಭಾವನಿಗೆ ಕಣ್ಣಲ್ಲಿ ನೀರು ಬಂತಂತೆ. ಕ್ಷಮಿಸಿದಳಾ ಎಂದು ಮೆಣಸಿ ಕೇಳಿದಳು. ಅದು ಮಾತ್ರ ಗೊತ್ತಾಗಲಿಲ್ಲ, ಕೊನೆಗೆ ಹೋಗಯ್ಯಾ ಅಂದಳು, ಎಂದ ಭಾವ.

ಮಾರನೆಯ ವಾರ ಡಾಕ್ಟರುಗಳು ನೆಲಮಾಳಿಗೆಗೆ ಬಂದರು. ಕುರ್ಚಿ ಸಾಲದೆ ಕೆಲವರು ನಿಂತರು. ಸಪೂರ ಡಾಕ್ಟರು ಮೊದಲ ಸಾಲಿನಲ್ಲಿ ಕೂತಿದ್ದರು. ಹಿಂದೆ ಯಾರೋ ಇಬ್ಬರು ಪಿಸುಗುಟ್ಟಿ ನಕ್ಕರು.

"ಏನು ನಗು?" ಎಂದಳು ಮೆಣಸಿ. ಮೂಗಿನ ತುದಿಗೆ ಬಿಸಿ ಏರಿತು. "ಮೊದಲು ನಗು ಬರೋದೇ. ರೋಗಿ ಲೋಟಕ್ಕೆ ಬೇರೆ ಏನೋ ಅಂದಾಗ ಮನೆಯವರು ನಗ್ತಾರೆ. ನೀವೂ ನಗ್ತೀರಿ. ಆ ಹೊತ್ತಿಗೆ ಪೆನ್ನು ತೆಗೀಬೇಕು. ಬಾಗಿಲು ಹಾಕಿ. ಶುರು ಮಾಡೋಣ."